ಮ್ಯೂಸಿಯಾಲಜಿ ಎಂ.ಎ.: ಎರಡು ವರ್ಷಕ್ಕೆ ಬೆಲೆ ಬರುವುದು ಸ್ಟೋರ್ ರೂಮಿನಲ್ಲಿ

ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಮ್ಯೂಸಿಯಾಲಜಿ, ಅಂದರೆ ವಸ್ತುಸಂಗ್ರಹಾಲಯ ಶಾಸ್ತ್ರದಲ್ಲಿ ಎಂ.ಎ. ಮುಗಿಸಿದವರ ಮೊದಲ ಎರಡು ಮೂರು ವರ್ಷ ಬಹುಪಾಲು ಕಳೆಯುವುದು ಗ್ಯಾಲರಿಯ ಹಿಂಬದಿಯ ಸ್ಟೋರ್ ರೂಮಿನಲ್ಲಿ. ಕ್ಯುರೇಟರ್ (ಸಂಗ್ರಹದ ಉಸ್ತುವಾರಿ) ಎಂಬ ಹೆಸರಿನ ಹೊಳಪು ನೋಡಿ ಸೇರಿದವರಿಗೆ ಇದು ನಿರಾಸೆಯೇ. ವಸ್ತುವನ್ನು ಅಳೆದು, ತೂಗಿ, ತಿರುಗಿಸಿ ನೋಡಿ, ಬರೆದಿಡುವ ಕೆಲಸದಲ್ಲಿ ರುಚಿ ಇದ್ದವರಿಗೆ ಕೊಟ್ಟ ದುಡ್ಡು ದಂಡವಾಗುವುದಿಲ್ಲ. ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಅದರಲ್ಲಿ ಎರಡು ದಾಖಲಾತಿ ಪೇಪರಿನ ಗಳಿಕೆ, ಒಂದು ಮುಂಜಾಗ್ರತೆಯ ಸಂರಕ್ಷಣೆಯದು, ಮಿಕ್ಕೆಲ್ಲಕ್ಕೂ ಸೇರಿ ಅರ್ಧ.

ಪಠ್ಯಕ್ರಮದ ಪಟ್ಟಿ ನೋಡಿ ಕೋರ್ಸು ಆರಿಸಬೇಡಿ. ಎಲ್ಲ ಕಡೆಯೂ ಅದೇ ಹೆಸರುಗಳು: ಮ್ಯೂಸಿಯಂಗಳ ಇತಿಹಾಸ, ಸಂಗ್ರಹ ನಿರ್ವಹಣೆ, ದಾಖಲಾತಿ, ಸಂರಕ್ಷಣೆ, ಪ್ರದರ್ಶನ ವಿನ್ಯಾಸ, ಶಿಕ್ಷಣ, ಕಾನೂನು, ಇಂಟರ್ನ್‌ಶಿಪ್, ಪ್ರಬಂಧ. ವ್ಯತ್ಯಾಸ ಇರುವುದು ವಿದ್ಯಾರ್ಥಿಯ ಕೈಗೆ ನಿಜವಾದ ವಸ್ತು ಎಷ್ಟು ಗಂಟೆ ಸಿಗುತ್ತದೆ ಎನ್ನುವುದರಲ್ಲಿ.

ದಾಖಲಾತಿಯನ್ನು ಗುಮಾಸ್ತಗಿರಿ ಎಂದು ಮೂಗು ಮುರಿಯುವವರು ಬಹಳ. ಆದರೆ ಕೆಲಸ ಕೊಡಿಸುವುದು ಅದೇ. ಸಂಗ್ರಹಕ್ಕೆ ಸೇರಿದ ಪ್ರತಿ ವಸ್ತುವಿಗೆ ಕೊಡುವ ಅಕ್ಸೆಷನ್ ನಂಬರಿನ ಲೆಕ್ಕ ಸರಳ: 2024ರಲ್ಲಿ ಬಂದ ಹನ್ನೆರಡನೆಯ ದಾನದ ಮೂರನೆಯ ವಸ್ತು 2024.12.3. ಒಂದು ಮನೆಯವರು ಹದಿನೈದು ತೊಗಲುಬೊಂಬೆ ಒಟ್ಟಿಗೆ ಕೊಟ್ಟರೆ ಕೊನೆಯ ಅಂಕಿ ಒಂದರಿಂದ ಹದಿನೈದರವರೆಗೆ ಓಡುತ್ತದೆ. ಮುಚ್ಚಳವಿರುವ ಕುಂಕುಮದ ಭರಣಿಗೆ ಒಂದೇ ನಂಬರು, ಭರಣಿಗೆ ಎ, ಮುಚ್ಚಳಕ್ಕೆ ಬಿ. ಒಮ್ಮೆ ಕೊಟ್ಟ ನಂಬರನ್ನು ವಸ್ತು ಒಡೆದು ಹೋದರೂ ಮತ್ತೊಂದಕ್ಕೆ ಕೊಡುವಂತಿಲ್ಲ. ಇಷ್ಟನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು. ಕಷ್ಟ ಶುರುವಾಗುವುದು ಓಲೆಗರಿಯ ಕಟ್ಟು ಮೇಜಿನ ಮೇಲೆ ಬಂದಾಗ. ‘ತಾಳೆಗರಿ ಕಟ್ಟು, 1’ ಎಂದು ಬರೆದರೆ ರಿಜಿಸ್ಟರು ತುಂಬುತ್ತದೆ, ಆದರೆ ಏನನ್ನೂ ಹೇಳುವುದಿಲ್ಲ. ಗರಿಗಳ ಸಂಖ್ಯೆ, ಉದ್ದ ಅಗಲ, ಪುಟಕ್ಕೆ ಎಷ್ಟು ಸಾಲು, ಲಿಪಿ, ಯಾವ ಗರಿ ಮುರಿದಿದೆ, ಯಾವುದು ಇಲ್ಲವೇ ಇಲ್ಲ, ಮೇಲೆ ಕೆಳಗೆ ಮರದ ಪಟ್ಟಿ ಇದೆಯೇ, ದಾರ ಹಳೆಯದೇ ಹೊಸದೇ ಎಂಬುದೆಲ್ಲ ಬರಬೇಕು. ಗರಿ ಎಣಿಸದ ಕಟ್ಟಿನಿಂದ ಹತ್ತು ಗರಿ ಜಾರಿದರೂ ವಾರ್ಷಿಕ ತಪಾಸಣೆಯಲ್ಲಿ ‘ಕಟ್ಟು ಇದೆ’ ಎಂದು ಸರಿ ಗುರುತೇ ಬೀಳುತ್ತದೆ.

ಸ್ಮಾರಕಗಳು ಮತ್ತು ಪುರಾವಸ್ತುಗಳ ಸಂರಕ್ಷಣೆ ಕುರಿತು 2013ರಲ್ಲಿ ಬಂದ ಸಿಎಜಿ (ಮಹಾಲೆಕ್ಕಪರಿಶೋಧಕರ) ವರದಿ ದೇಶದ ದೊಡ್ಡ ಮ್ಯೂಸಿಯಂಗಳನ್ನು ತರಾಟೆಗೆ ತೆಗೆದುಕೊಂಡ ವಿಷಯಗಳಲ್ಲಿ ದಾಖಲೆ ಮತ್ತು ಭೌತಿಕ ತಪಾಸಣೆಯ ಕೊರತೆಯೂ ಒಂದು. ದಾಖಲೆ ಇದ್ದರೆ ಏನಾಗುತ್ತದೆ ಎನ್ನುವುದಕ್ಕೆ ತಮಿಳುನಾಡಿನ ಶ್ರೀಪುರಂದನ್ ದೇವಾಲಯದ ನಟರಾಜನನ್ನು ನೋಡಬೇಕು. ಕಳುವಾದ ಆ ಕಂಚಿನ ಮೂರ್ತಿಯನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಡಾಲರಿಗೆ ಕೊಂಡಿತ್ತು. ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಗ್ರಹದಲ್ಲಿದ್ದ ಹಳೆಯ ಫೋಟೋಗಳು ಅದು ದೇವಸ್ಥಾನದಲ್ಲೇ ಇದ್ದದ್ದನ್ನು ತೋರಿಸಿದವು. 2014ರಲ್ಲಿ ಮೂರ್ತಿ ಭಾರತಕ್ಕೆ ಮರಳಿತು. ಫೋಟೋ ತೆಗೆದವರಿಗೆ ಅವು ಮುಂದೊಂದು ದಿನ ಸಾಕ್ಷಿಯಾಗುತ್ತವೆ ಎಂಬ ಕಲ್ಪನೆಯೂ ಇದ್ದಿರಲಾರದು.

ಕನ್ನಡದಲ್ಲಿ ದಾಖಲಿಸುವವರಿಗೆ ಇನ್ನೊಂದು ತೊಡಕಿದೆ. ಅದನ್ನು ದೆಹಲಿಯಲ್ಲೋ ಬರೋಡಾದಲ್ಲೋ ಯಾರೂ ಹೇಳಿಕೊಡುವುದಿಲ್ಲ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟಿನಲ್ಲಿ ಟೈಪು ಮಾಡಿದ ಪಟ್ಟಿಗಳು ಯೂನಿಕೋಡಿನಲ್ಲಿಲ್ಲ. ಡೇಟಾಬೇಸಿಗೆ ಅಂಟಿಸಿದರೆ ಅಕ್ಷರಗಳು ಹುಳ ಹರಿದಂತೆ ಕಾಣುತ್ತವೆ. ಪರಿವರ್ತಕದಲ್ಲಿ ಹಾಕಿ ತೆಗೆದರೂ ಒತ್ತಕ್ಷರ, ಅರ್ಕಾವೊತ್ತು ಇರುವ ಕಡೆ ಕಣ್ಣಿಟ್ಟು ತಿದ್ದಲೇಬೇಕು. ಪದಗಳದ್ದು ಬೇರೆಯೇ ಗೋಳು. ಒಬ್ಬರು ‘ವೀರಗಲ್ಲು’ ಎಂದೂ ಮತ್ತೊಬ್ಬರು ‘ಸ್ಮಾರಕಶಿಲೆ’ ಎಂದೂ ಮೂರನೆಯವರು ಇಂಗ್ಲಿಷಿನಲ್ಲಿ ‘ಹೀರೋ ಸ್ಟೋನ್’ ಎಂದೂ ನಮೂದಿಸಿದರೆ ಹುಡುಕಿದಾಗ ಮೂರರಲ್ಲಿ ಒಂದು ಪಾಲು ಕಲ್ಲು ಮಾತ್ರ ಸಿಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಇನ್ನೂರು ಮುನ್ನೂರು ಪದಗಳ ಒಂದು ಒಪ್ಪಿತ ಪಟ್ಟಿ ಮಾಡಿಟ್ಟುಕೊಂಡವರಿಗೆ ಮುಂದಿನ ಮೂರು ವರ್ಷ ನೆಮ್ಮದಿ. ಕೇಂದ್ರ ಸರ್ಕಾರದ ಮ್ಯೂಸಿಯಂಗಳು ಬಳಸುವ, ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ರೂಪಿಸಿದ ‘ಜತನ್’ ತಂತ್ರಾಂಶವನ್ನು ಒಮ್ಮೆಯಾದರೂ ಮುಟ್ಟಿಸುವ ಕೋರ್ಸಿಗೆ ಅರ್ಧ ಅಂಕ ಹೆಚ್ಚು ಕೊಡಿ.

ವಸ್ತುವಿನ ಮೇಲೆ ನಂಬರು ಬರೆಯುವುದು ಕೈಕೆಲಸ. ಲೋಹ, ಗಟ್ಟಿ ಮಣ್ಣಿನ ಪಾತ್ರೆ, ನಯವಾದ ಕಲ್ಲುಗಳಿಗಾದರೆ ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ರಾಳದ ಒಂದು ಸಣ್ಣ ಪಟ್ಟೆ ಬಳಿಯಬೇಕು. ಪೂರ್ತಿ ಒಣಗಿದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ ಬರೆದು, ಮೇಲೊಂದು ಪದರ ಹಚ್ಚಬೇಕು. ಮೇಲಿನ ಪದರಕ್ಕೂ ಅಸಿಟೋನಿನ ದ್ರಾವಣವನ್ನೇ ಬಳಸಿದರೆ ಕೆಳಗಿನದು ಮತ್ತೆ ಮೆತ್ತಗಾಗಿ ಶಾಯಿ ಹರಡುತ್ತದೆ. ಅದಕ್ಕೇ ವೈಟ್ ಸ್ಪಿರಿಟ್‌ನಲ್ಲಿ ಕರಗುವ ಬಿ-67 ರಾಳ ಹಚ್ಚುವ ರೂಢಿ. ಚನ್ನಪಟ್ಟಣದ ಅರಗಿನ ಬೊಂಬೆಯ ಹತ್ತಿರ ಈ ಬಾಟಲಿಗಳನ್ನು ತರಲೇಬೇಡಿ, ಬಣ್ಣದ ಹೊಳಪು ಕೆಡುತ್ತದೆ. ಅಂಥದ್ದಕ್ಕೆ ಹತ್ತಿಯ ಪಟ್ಟಿಯಲ್ಲಿ ನಂಬರು ಬರೆದು ಕಟ್ಟುವುದೇ ಸರಿ. ಸೀರೆಗಾದರೆ ಅದೇ ಪಟ್ಟಿಯನ್ನು ಸೆರಗಿಲ್ಲದ ತುದಿಯ ಅಂಚಿಗೆ ನಾಲ್ಕು ಸಡಿಲ ಹೊಲಿಗೆ ಹಾಕಿ ಕೂರಿಸಬೇಕು. ಸ್ಟಿಕರ್ ಅಂಟಿಸಿದರೆ ಐದು ವರ್ಷದಲ್ಲಿ ಕಾಗದ ಉದುರಿ ಗೋಂದಿನ ಕಲೆ ಉಳಿಯುತ್ತದೆ. ವಿಗ್ರಹಗಳ ಬೆನ್ನಿಗೆ ದಪ್ಪ ಬಿಳಿ ಪೇಂಟಿನಲ್ಲಿ ಬರೆದ ಹಳೆಯ ಅಂಕಿಗಳನ್ನು ನೋಡಿದವರಿಗೆ ಈ ಅರ್ಧ ದಿನದ ಪಾಠದ ಬೆಲೆ ಗೊತ್ತಾಗುತ್ತದೆ.

ಸಂರಕ್ಷಣೆಯ ಪೇಪರಿನಲ್ಲಿ ವಿಷಯ ಸಮೃದ್ಧವಾಗಿದೆ, ಆದರೆ ಪಾಠ ಇನ್ನೂ ಯುರೋಪಿನ ಹವೆಯಲ್ಲಿದೆ. ತೇವಾಂಶ ಶೇ. 50, ಐದು ಹೆಚ್ಚು ಐದು ಕಡಿಮೆ ಎಂದು ಬಾಯಿಪಾಠ ಮಾಡಿಸುತ್ತಾರೆ. ಆಷಾಢದ ಉಡುಪಿಯಲ್ಲಿ ಅದು 90ರ ಆಸುಪಾಸು, ಏಪ್ರಿಲ್ಲಿನ ಕಲಬುರಗಿಯಲ್ಲಿ 30ಕ್ಕಿಂತ ಕೆಳಗೆ ಇಳಿಯುತ್ತದೆ. ಹಗಲು ತೇವ ಹೀರುವ ಡಿಹ್ಯುಮಿಡಿಫೈಯರ್ ಹಾಕಿ ಸಂಜೆ ಬೀಗ ಹಾಕುವಾಗ ಮೇನ್ ಸ್ವಿಚ್ ಆರಿಸುವ ಕಟ್ಟಡದಲ್ಲಿ ಯಂತ್ರದಿಂದ ಕೇಡೇ ಹೆಚ್ಚು. ದಿನಕ್ಕೊಮ್ಮೆ ಹಿಗ್ಗಿ ಕುಗ್ಗಿ ಮರ ಸೀಳುತ್ತದೆ, ಮೈಸೂರು ಚಿತ್ರದ ಗೆಸ್ಸೊ (ಚಿನ್ನದ ರೇಕಿನಡಿಯ ಉಬ್ಬು ಲೇಪ) ಬಿರುಕು ಬಿಡುತ್ತದೆ. ಬೂಷ್ಟು ಹಿಡಿಯುವುದು ತೇವ 65–70 ದಾಟಿ ನಿಂತಾಗ. ಅದನ್ನು ತಡೆಯಲು ಗಾಳಿಯಾಟವೇ ಮೊದಲ ಉಪಾಯ. ಅಲಮಾರಿಗೂ ಗೋಡೆಗೂ ನಡುವೆ ಒಂದು ಗೇಣು, ಕೆಳಗಿನ ತಟ್ಟೆಗೂ ನೆಲಕ್ಕೂ ನಡುವೆ ಕನಿಷ್ಠ ಹತ್ತು ಸೆಂಟಿಮೀಟರ್ ಬಿಟ್ಟರೆ ಅರ್ಧ ಯುದ್ಧ ಮುಗಿದಂತೆ.

ತೇವ ಹೀರುವ ಸಿಲಿಕಾ ಜೆಲ್ ವಿಷಯದಲ್ಲಿ ನಮ್ಮ ಮ್ಯೂಸಿಯಂಗಳು ಮಾಡುವ ತಪ್ಪು ತಮಾಷೆಯಾಗಿದೆ. ಚಪ್ಪಲಿ ಡಬ್ಬಿಯಲ್ಲಿ ಬರುವಂಥ ನಾಲ್ಕು ಪುಡಿಕೆಗಳನ್ನು ದೊಡ್ಡ ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿಟ್ಟು ಕೈತೊಳೆದುಕೊಳ್ಳುವುದು. ಒಂದು ಘನಮೀಟರ್ ಜಾಗಕ್ಕೆ 20 ಕಿಲೋ ಎನ್ನುವುದು ಹಳೆಯ, ಇನ್ನೂ ಚಾಲ್ತಿಯಲ್ಲಿರುವ ಲೆಕ್ಕ. ಪೆಟ್ಟಿಗೆಯ ಸಂದುಗಳು ಬಿಗಿಯಾಗಿಲ್ಲದಿದ್ದರೆ ಅಷ್ಟು ಹಾಕಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹುಣಸೆಹಣ್ಣಿನ ಮಾತು ಬಂತು, ಕಂಚಿನ ಸಮಾಚಾರವನ್ನೂ ಮುಗಿಸೋಣ. ದಾನವಾಗಿ ಬಂದ ಪಂಚಲೋಹದ ಮೂರ್ತಿಯನ್ನು ಫಳಫಳ ಮಾಡಿ ಇಡೋಣವೆಂದು ಹುಣಸೆಹುಳಿ ಹಾಕಿ ಉಜ್ಜಿದರೆ ಮೇಲಿನ ಪದರದ ಜತೆ ಅದರ ವಯಸ್ಸಿನ ಪುರಾವೆಯೂ ಚರಂಡಿ ಪಾಲು. ಮೂರ್ತಿಯ ಮೇಲೆ ತಿಳಿಹಸಿರು ಪುಡಿ, ಮುಟ್ಟಿದರೆ ಬೆರಳಿಗಂಟುವಂಥದ್ದು, ಕಂಡರೆ ಅದು ‘ಬ್ರಾಂಜ್ ಡಿಸೀಸ್’. ಒಳಗಿರುವ ಕ್ಲೋರೈಡು ತೇವ ಸಿಕ್ಕಿದೊಡನೆ ಲೋಹವನ್ನು ತಿನ್ನುತ್ತದೆ. ತಕ್ಷಣ ಬೇರೆಯಿಟ್ಟು, ತೇವ 40ರ ಕೆಳಗಿರುವಂತೆ ನೋಡಿಕೊಂಡು, ರಸಾಯನ ಬಲ್ಲವರನ್ನು ಕರೆಸಬೇಕು. ಗಟ್ಟಿಯಾಗಿ ಅಂಟಿದ, ನಯವಾದ ಗಾಢ ಹಸಿರು ಪದರವಾದರೆ ಹೆದರಬೇಕಿಲ್ಲ, ಅದು ಕವಚ. ಇವೆರಡರ ವ್ಯತ್ಯಾಸ ಪುಸ್ತಕದ ಚಿತ್ರದಲ್ಲಿ ಗೊತ್ತಾಗುವುದಿಲ್ಲ. ಪ್ರಯೋಗಾಲಯ ಇಲ್ಲದ ಕೋರ್ಸು ಈ ಪೇಪರನ್ನು ಹೇಗೆ ಕಲಿಸುತ್ತದೆ ಎಂದು ಕೇಳಿಯೇ ತೀರಬೇಕು. 1976ರಲ್ಲಿ ಲಖನೌದಲ್ಲಿ ಶುರುವಾದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇದೆ. ಕರ್ನಾಟಕದ ವಿದ್ಯಾರ್ಥಿಗಳು ಅಲ್ಲಿಯ ತರಬೇತಿಗಳ ಮೇಲೆ ಕಣ್ಣಿಟ್ಟಿರುವುದು ಒಳ್ಳೆಯದು.

ಬಟ್ಟೆ, ಕಾಗದಕ್ಕೆ ಬೆಳಕೇ ಶತ್ರು. ಅವಕ್ಕೆ 50 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ಮಿತಿ. ದಿನಕ್ಕೆ 8 ಗಂಟೆಯಂತೆ 300 ದಿನ ಪ್ರದರ್ಶಿಸಿದರೆ ವರ್ಷಕ್ಕೆ 1,20,000 ಲಕ್ಸ್-ಗಂಟೆ. ಅದೇ ಕಸೂತಿ ಸೀರೆಯನ್ನು 200 ಲಕ್ಸ್ ಬೆಳಕಿನಲ್ಲಿಟ್ಟರೆ ವರ್ಷದ ಪಾಲು 75 ದಿನಕ್ಕೇ ಮುಗಿಯಿತು. ಈ ಲೆಕ್ಕವನ್ನು ಸಂದರ್ಶನದಲ್ಲಿ ಬಾಯಲ್ಲೇ ಮಾಡಿ ತೋರಿಸುವ ಹುಡುಗಿಗೆ ಕೆಲಸ ಸಿಗುವ ಸಾಧ್ಯತೆ, ಮ್ಯೂಸಿಯಂ ಸಿದ್ಧಾಂತ ವಿವರಿಸುವವಳಿಗಿಂತ ಹೆಚ್ಚು. ಇಳಕಲ್ ಸೀರೆಯನ್ನು ಮಡಿಸಿಡಬಾರದು, ಏಳೆಂಟು ಸೆಂಟಿಮೀಟರ್ ದಪ್ಪದ ಕೊಳವೆಗೆ ಸುತ್ತಬೇಕು. ನಡುವೆ ಹಾಕುವ ಕೋರಾ ಬಟ್ಟೆಯನ್ನು ಗಂಜಿ ಹೋಗುವ ತನಕ ಎರಡು ಮೂರು ಬಾರಿ ಒಗೆದಿರಬೇಕು, ಇಲ್ಲದಿದ್ದರೆ ಗಂಜಿಗೆ ಹುಳ ಬರುತ್ತದೆ. ನುಸಿಗುಳಿಗೆ ಒಳಗೆ ಸೇರಿದ ಹುಳವನ್ನು ಕೊಲ್ಲುವುದೂ ಅನುಮಾನ, ಕೋಣೆಯಲ್ಲಿ ಕೆಲಸ ಮಾಡುವವರ ಶ್ವಾಸಕ್ಕಂತೂ ಒಳ್ಳೆಯದಲ್ಲ. ಹುಳ ಹಿಡಿದ ಬಟ್ಟೆಯನ್ನು ಪಾಲಿಥಿನ್ನಿನಲ್ಲಿ ಗಾಳಿಯಾಡದಂತೆ ಮುಚ್ಚಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡುವುದು ಸುಲಭದ ದಾರಿ. ಹೊರತೆಗೆದ ಮೇಲೆ ಒಂದು ಇಡೀ ದಿನ ಕವರು ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಬಟ್ಟೆಯ ಮೇಲೆ ನೀರು ಕೂರುತ್ತದೆ. ಬಣ್ಣ ಬಳಿದ ಮರವನ್ನು, ದಂತವನ್ನು ಫ್ರೀಜರಿಗೆ ಹಾಕುವ ಸಾಹಸ ಬೇಡ.

ಪ್ರದರ್ಶನ ವಿನ್ಯಾಸದ ಪೇಪರು ನೋಡಲು ಚೆಂದ, ಉಪಯೋಗಕ್ಕೆ ಅರ್ಧಂಬರ್ಧ. ಸಾಫ್ಟ್‌ವೇರಿನಲ್ಲಿ ಗ್ಯಾಲರಿಯ ಚಿತ್ರ ಬಿಡಿಸುವುದನ್ನು ಕಲಿಸುತ್ತಾರೆ. ಟೆಂಡರ್ ಕರೆಯುವುದು, ಬಡಗಿಯ ಅಂದಾಜುಪಟ್ಟಿ ಓದುವುದು, ಪ್ಲೈವುಡ್ಡಿನಿಂದ ಹೊರಡುವ ಆಮ್ಲದ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಸೀಸದ ನಾಣ್ಯವನ್ನು ಬಿಳಿ ಪುಡಿ ಮಾಡುತ್ತದೆ ಎನ್ನುವುದು ಇವೆಲ್ಲ ಕೆಲಸಕ್ಕೆ ಸೇರಿದ ಮೇಲೆ ಪೆಟ್ಟು ತಿಂದು ಕಲಿಯುವ ಸಂಗತಿಗಳು. ಲೇಬಲ್ಲಿನ ಪಾಠವೂ ಇಂಗ್ಲಿಷಿನಲ್ಲೇ. ಅರವತ್ತು ಎಪ್ಪತ್ತು ಪದ ಮೀರಬಾರದು ಎಂಬ ನಿಯಮ ಕನ್ನಡಕ್ಕೂ ಒಪ್ಪುತ್ತದೆ, ಇನ್ನೂ ಕಡಿಮೆಯಾದರೆ ಲೇಸು. ಆದರೆ ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳ ಮೇಲೆ ಕೂರುತ್ತದೆ. ಅಕ್ಷರದ ಎತ್ತರದ ಒಂದೂವರೆ ಪಟ್ಟು ಅಂತರ ಬೇಕು. ಇಂಗ್ಲಿಷ್ ಲೇಬಲ್ಲನ್ನು ಅನುವಾದಿಸಿ ಹಾಕುವ ಚಾಳಿಯಂತೂ ಬಿಡಬೇಕು. ಬೆಂಗಳೂರು ಸರ್ಕಾರಿ ಮ್ಯೂಸಿಯಮ್ಮಿನಲ್ಲಿರುವ ಆತಕೂರಿನ ಕಲ್ಲು ಹಂದಿಯ ಜತೆ ಸೆಣಸಿ ಸತ್ತ ‘ಕಾಳಿ’ ಎಂಬ ನಾಯಿಯ ಕಥೆ ಹೇಳುವ ಹತ್ತನೆಯ ಶತಮಾನದ ಶಾಸನ. ಅದರ ಮುಂದೆ ನಿಂತ ಶಾಲಾ ಮಗುವಿಗೆ ‘ಪ್ರಸ್ತುತ ಶಿಲ್ಪವು’ ಎಂದು ಶುರುಮಾಡಿದರೆ ಅದು ಪಕ್ಕದ ಕೋಣೆಗೆ ಓಡದೆ ಇನ್ನೇನು ಮಾಡೀತು?

ಕಾನೂನಿನ ಪೇಪರು ಚಿಕ್ಕದು, ಬೇಸರದ್ದು, ತಪ್ಪಿಸಿಕೊಳ್ಳಬಾರದ್ದು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ಜಾರಿಗೆ ಬಂದದ್ದು 1976ರಲ್ಲಿ. ನೂರು ವರ್ಷ ತುಂಬಿದ್ದು ಪುರಾವಸ್ತು. ಮೌಲ್ಯವುಳ್ಳ ಹಸ್ತಪ್ರತಿಗಾದರೆ 75 ವರ್ಷ ಸಾಕು. ಯಾರೋ ಉತ್ಸಾಹದಿಂದ ವಿಗ್ರಹ ತಂದು ‘ದಾನ’ ಎಂದಾಗ ನೋಂದಣಿ ಪತ್ರ ಕೇಳದೆ ರಸೀದಿ ಕೊಟ್ಟ ಸಹಾಯಕ ಮುಂದೆ ಪೊಲೀಸ್ ಠಾಣೆಯ ಬೆಂಚು ಕಾಯಬೇಕಾದೀತು.

ಪರಂಪರೆ, ಅಂದರೆ ಹೆರಿಟೇಜ್, ಭಾಗಕ್ಕೆ ಹಂಪಿಗಿಂತ ದೊಡ್ಡ ಪಠ್ಯ ಇಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು, ತೂಗುಸೇತುವೆಗಳ ಕಾರಣದಿಂದ 1999ರಲ್ಲಿ ಅಪಾಯದ ಪಟ್ಟಿಗೆ ಇಳಿಯಿತು, 2006ರಲ್ಲಿ ಹೊರಬಂತು. ನಡುವೆ 2002ರಲ್ಲಿ ನಿರ್ವಹಣಾ ಪ್ರಾಧಿಕಾರದ ಕಾಯ್ದೆ ಬಂತು. ಆನೆಗೊಂದಿಯ ಸೇತುವೆ 2009ರಲ್ಲಿ ಕಟ್ಟುವ ಹಂತದಲ್ಲೇ ಕುಸಿಯಿತು. ವಿರೂಪಾಕ್ಷ ಬಜಾರಿನ ಮನೆ ಅಂಗಡಿಗಳನ್ನು 2011ರಲ್ಲಿ ಕೆಡವಿದರು. ಕಂಬಗಳ ನಡುವೆ ಬದುಕು ಕಟ್ಟಿಕೊಂಡ ಜನ ಪರಂಪರೆಯ ಒಳಗೋ ಹೊರಗೋ ಎಂಬ ಪ್ರಶ್ನೆಯನ್ನು ಆ ಬೀದಿಯಲ್ಲಿ ನಿಂತು ಚರ್ಚಿಸದ ಹೆರಿಟೇಜ್ ಪೇಪರು ಬರೀ ಪರಿಭಾಷೆಯ ಗಂಟು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಎಂಬ ನಿಯಮವನ್ನು ನಕ್ಷೆಯ ಮೇಲೆ ಗುರುತಿಸಿ ನೋಡಿದರೆ ಎಷ್ಟು ಮನೆಗಳು ಅದರೊಳಗೆ ಬರುತ್ತವೆ ಎಂದು ಗಾಬರಿಯಾಗುತ್ತದೆ.

ಇನ್ನು ಯಾವ ಊರು? ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದ ವಿಭಾಗ 1952ರದು, ದೇಶದಲ್ಲೇ ಮೊದಲನೆಯದು. ಲಲಿತಕಲೆಗಳ ಫ್ಯಾಕಲ್ಟಿಯ ಒಳಗೇ ಇರುವುದರಿಂದ ಚಿತ್ರಕಾರರು, ಶಿಲ್ಪಿಗಳ ಸಹವಾಸ ಪುಕ್ಕಟೆ. ಸಯಾಜಿ ಬಾಗಿನ ಬರೋಡಾ ಮ್ಯೂಸಿಯಮ್ಮಿನಲ್ಲಿ ತಿಮಿಂಗಿಲದ ಅಸ್ಥಿಪಂಜರದಿಂದ ಅಕೋಟದ ಜೈನ ಕಂಚುಗಳವರೆಗೆ, ಒಂದೇ ಸೂರಿನಡಿ ಎಲ್ಲ ಬಗೆಯ ಸಂಗ್ರಹವಿದೆ. ಕಲ್ಕತ್ತಾ ವಿಶ್ವವಿದ್ಯಾಲಯದ್ದು 1959ರ ವಿಭಾಗ. ಅದಕ್ಕೆ 1937ರಷ್ಟು ಹಳೆಯ ಆಶುತೋಷ್ ಮ್ಯೂಸಿಯಂ ಮನೆಯಲ್ಲೇ ಇದೆ, 1814ರ ಇಂಡಿಯನ್ ಮ್ಯೂಸಿಯಂ ಅದೇ ಊರಿನಲ್ಲಿದೆ. 1989ರಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಮಗ್ಗುಲಲ್ಲೇ ಹುಟ್ಟಿದ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಈಗ ನೊಯ್ಡಾದಲ್ಲಿ ಭಾರತೀಯ ಪರಂಪರಾ ಸಂಸ್ಥೆಯಾಗಿದೆ. ಕಲಾ ಇತಿಹಾಸ, ಸಂರಕ್ಷಣೆ, ಮ್ಯೂಸಿಯಾಲಜಿ ಮೂರಕ್ಕೂ ಪ್ರತ್ಯೇಕ ಎಂ.ಎ. ಇರುವುದು ಅದರ ಬಲ. ವಿಜ್ಞಾನ ಓದಿದವರು ಸಂರಕ್ಷಣೆಯನ್ನೇ ಹಿಡಿದರೆ ಪೈಪೋಟಿ ಕಡಿಮೆ.

ವಿದೇಶ ಎಂದರೆ ಎಲ್ಲರ ಬಾಯಲ್ಲೂ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯ. 1966ರಿಂದ ನಡೆಯುತ್ತಿರುವ ಆ ವಿಭಾಗದಲ್ಲಿ ಮ್ಯೂಸಿಯಂ ಯಾರಿಗಾಗಿ, ಅಲ್ಲಿ ಯಾರ ಕಥೆ ಬಿಟ್ಟುಹೋಗಿದೆ ಎಂಬ ಪ್ರಶ್ನೆಗಳ ಪಾಠ ಗಟ್ಟಿ. ಆದರೆ ಒಂದೇ ವರ್ಷದ ಕೋರ್ಸು. ಕೈಕೆಲಸ ಮೊದಲೇ ಗೊತ್ತಿದ್ದು, ಮೂರು ನಾಲ್ಕು ವರ್ಷ ದುಡಿದು, ಮುಂದೆ ಶಿಕ್ಷಣ ವಿಭಾಗ ಅಥವಾ ನಿರ್ವಹಣೆಯ ಕಡೆ ಹೊರಳಬೇಕೆಂದಿರುವವರಿಗೆ ಹೇಳಿ ಮಾಡಿಸಿದಂತಿದೆ. ಬಿ.ಎ. ಮುಗಿದ ಕೂಡಲೇ ಸಾಲ ಮಾಡಿ ಹೋಗುವುದು ಬುದ್ಧಿವಂತಿಕೆಯಲ್ಲ. ಮನೆಯಲ್ಲೇ ಕುಳಿತು ಓದುವ ದೂರಶಿಕ್ಷಣದ ದಾರಿಯೂ ಅವರಲ್ಲಿದೆ.

ಇಂಟರ್ನ್‌ಶಿಪ್ಪಿನಲ್ಲಿ ಕೋರ್ಸಿನ ಹಣೆಬರಹ ತೀರ್ಮಾನವಾಗುತ್ತದೆ. ಎಂಟು ವಾರಕ್ಕಿಂತ ಕಡಿಮೆಯಾದರೆ ಒಂದು ಸಂಗ್ರಹದ ಪರಿಚಯವೂ ಆಗುವುದಿಲ್ಲ. ಸಾಮಾನ್ಯವಾಗಿ ಕೆಡುವುದು ಹೀಗೆ: ಇಂಟರ್ನ್‌ಗಳನ್ನು ಉದ್ಘಾಟನೆಯ ಕುರ್ಚಿ ಜೋಡಿಸಲು, ಶಾಲಾ ಮಕ್ಕಳ ಸಾಲು ಕಾಯಲು ಹಾಕಿ ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ. ಹೋಗುವ ಮೊದಲೇ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಬೇಕು: ಇಂಥ ಅಲಮಾರಿಯ ಇಂಥ ತಟ್ಟೆಯ ಅರವತ್ತು ವಸ್ತು, ಮೊದಲಿಂದ ಕೊನೆಯವರೆಗೆ. ಅಳತೆ, ಸ್ಕೇಲು ಮತ್ತು ಬಣ್ಣದ ಪಟ್ಟಿ ಇಟ್ಟು ತೆಗೆದ ಫೋಟೋ, ಸ್ಥಿತಿ ವರದಿ, ನಂಬರು, ಆಮ್ಲರಹಿತ ಕಾಗದದಲ್ಲಿ ಪ್ಯಾಕಿಂಗು, ಜಾಗದ ಗುರುತು. ಸ್ಥಿತಿ ವರದಿಯಲ್ಲಿ ‘ಚೆನ್ನಾಗಿದೆ’, ‘ಹಾಳಾಗಿದೆ’ ಎಂದು ಬರೆದರೆ ಸೊನ್ನೆ. ‘ಎಡ ಮುಂಗೈಯಲ್ಲಿ 3 ಸೆಂ.ಮೀ. ಬಿರುಕು, ಹಳೆಯದು, ಒಳಗೆ ಧೂಳು ಕೂತಿದೆ’ ಎಂದು ಬರೆದರೆ ನಾಳೆ ವಸ್ತು ಬೇರೆ ಮ್ಯೂಸಿಯಮ್ಮಿಗೆ ಎರವಲು ಹೋಗಿ ಬಂದಾಗ ಬಿರುಕು ಯಾರದು ಎಂಬ ಜಗಳ ಹುಟ್ಟುವುದಿಲ್ಲ. ಇಂಥ ಇಪ್ಪತ್ತು ವರದಿಗಳ ಕಡತ ಅಂಕಪಟ್ಟಿಗಿಂತ ಹೆಚ್ಚು ಮಾತಾಡುತ್ತದೆ.

ಕೆಲಸದ ಸಂಗತಿಯಲ್ಲಿ ಸಿಹಿ ಸುಳ್ಳು ಬೇಡ. ಸರ್ಕಾರಿ ಹುದ್ದೆಗಳ ಜಾಹೀರಾತು ಅಪರೂಪ. ಬಂದಾಗಲೂ ಇತಿಹಾಸ ಅಥವಾ ಪುರಾತತ್ತ್ವದ ಪದವಿಯನ್ನು ಮೊದಲು ಕೇಳಿ ಮ್ಯೂಸಿಯಾಲಜಿಯನ್ನು ಹೆಚ್ಚುವರಿ ಅರ್ಹತೆ ಎಂದು ಎಣಿಸುವುದುಂಟು. ಅದಕ್ಕಾಗಿ ಬಿ.ಎ.ಯಲ್ಲಿ ಇತಿಹಾಸ ಇಲ್ಲದವರು ಅರ್ಜಿಯ ನಿಯಮವನ್ನು ಎರಡು ಸಲ ಓದಬೇಕು. ಖಾಸಗಿ ಕಡೆ ಬೆಂಗಳೂರು ಈಗ ಬದಲಾಗಿದೆ. ಕಸ್ತೂರಬಾ ರಸ್ತೆಯಲ್ಲೇ 1877ರ ಕೆಂಪು ಕಟ್ಟಡದ ಸರ್ಕಾರಿ ಮ್ಯೂಸಿಯಂ, 1962ರ ವಿಶ್ವೇಶ್ವರಯ್ಯ ಮ್ಯೂಸಿಯಂ, 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ಇವೆ. ಜೆ.ಪಿ. ನಗರದಲ್ಲಿ ಸಂಗೀತದ ಮ್ಯೂಸಿಯಂ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ವಿಜ್ಞಾನದ ಆರ್ಕೈವ್ ಇವೆ. ರಾಮನಗರದ ಜಾನಪದ ಲೋಕ, ಧರ್ಮಸ್ಥಳದ ಮಂಜೂಷಾ, ಮಣಿಪಾಲದ ಹಸ್ತಶಿಲ್ಪದಂಥ ಸಂಗ್ರಹಗಳನ್ನು ನೋಡಿದರೆ ವಸ್ತು ಬಲ್ಲವರಿಗೆ ಮಾಡಲು ಎಷ್ಟು ಕೆಲಸ ಇರಬಹುದೆಂದು ಯಾರಾದರೂ ಊಹಿಸಬಹುದು. ಹೊಸಬರಿಗೆ ಸಿಗುವ ಹುದ್ದೆಗಳ ಹೆಸರು ‘ಕಲೆಕ್ಷನ್ ಅಸಿಸ್ಟೆಂಟ್’, ‘ಡಾಕ್ಯುಮೆಂಟೇಶನ್ ಅಸೋಸಿಯೇಟ್’. ಹೆಚ್ಚಿನವು ಗುತ್ತಿಗೆ, ಒಂದು ಯೋಜನೆ ಮುಗಿಯುವ ತನಕ. ಹಳಗನ್ನಡ ಲಿಪಿಯೋ ಮೋಡಿಯೋ ತಿಗಳಾರಿಯೋ ಓದಬಲ್ಲವರಿಗೆ ಮಾತ್ರ ಕೆಲಸಕ್ಕೆ ಕಾಯುವ ಸಾಲು ಚಿಕ್ಕದು, ಏಕೆಂದರೆ ಆ ಪರಿಣತಿ ಎಂ.ಎ. ಪದವಿಯಷ್ಟು ಸುಲಭವಾಗಿ ಸಿಗುವುದಿಲ್ಲ.

ಪ್ರವೇಶಕ್ಕೆ ಮೊದಲು ವಿಭಾಗಕ್ಕೆ ಹೋದಾಗ ತರಗತಿ ನೋಡುವುದರ ಜತೆಗೆ ಪಾಠಕ್ಕೆ ಬಳಸುವ ಸಂಗ್ರಹದ ಸ್ಟೋರ್ ತೋರಿಸಿ ಎಂದು ಕೇಳಿ. ಕೆಳಗಿನ ತಟ್ಟೆ ನೆಲಕ್ಕೆ ತಾಗಿದೆಯೇ ನೋಡಿ. ಯಾವುದಾದರೂ ಒಂದು ವಸ್ತು ತೋರಿಸಿ, ಇದರ ನಂಬರು ರಿಜಿಸ್ಟರಿನಲ್ಲಿ ಎಲ್ಲಿದೆ ಎನ್ನಿ. ಆಮೇಲೆ ರಿಜಿಸ್ಟರಿನ ಯಾವುದೋ ಒಂದು ಸಾಲಿಗೆ ಬೆರಳಿಟ್ಟು, ಈ ವಸ್ತು ಎಲ್ಲಿದೆ ಎಂದು ಕೇಳಿ. ಎರಡೂ ಹತ್ತು ನಿಮಿಷದೊಳಗೆ ಸಿಕ್ಕರೆ ಅರ್ಜಿ ತುಂಬಿ.